ಕೊನೆಯ ಬೆಂಚಿನ ಹಾಳೆ

ಎರಡು ಸಾವಿರದ ಇಸವಿ ದಾಟಿದ ಮೇಲೆ ಸರಸ್ವತಿಪುರಂನ ನಮ್ಮ ಮನೆಯ ಹತ್ತಿರ ಒಂದು ಡಿಟಿಪಿ ಅಂಗಡಿ ಶುರುವಾಯಿತು. ನನ್ನ ಎರಡನೇ ಕ್ಲಾಸಿನ ಮಕ್ಕಳಿಗೆಂದು ಕೂಡುವ ಲೆಕ್ಕದ ಹಾಳೆಯೊಂದನ್ನು ಅಲ್ಲಿ ಮೊದಲ ಸಲ ಪ್ರಿಂಟು ಹಾಕಿಸಿದ ದಿನ, ಮೊದಲು ಬಂದ ಹಾಳೆಯನ್ನೂ ಕೊನೆಗೆ ಬಂದ ಹಾಳೆಯನ್ನೂ ಪಕ್ಕಪಕ್ಕ ಹಿಡಿದು ನೋಡುತ್ತ ನಿಂತುಬಿಟ್ಟೆ. ಎರಡೂ ಒಂದೇ ಕಪ್ಪು. ಅಂಗಡಿಯವನು ಗಾಬರಿಯಾಗಿ, "ಏನಾದ್ರೂ ತಪ್ಪಾಗಿದ್ಯಾ ಮೇಡಂ?" ಎಂದ. "ತಪ್ಪೇನಿಲ್ಲ ಕಣಪ್ಪ, ಕೊನೇದೂ ಮೊದಲ್ನೇದರ ಥರಾನೇ ಇದ್ಯಲ್ಲ ಅಂತ ನೋಡ್ತಿದ್ದೀನಿ" ಎಂದೆ. ಅವನಿಗೆ ನನ್ನ ತಲೆಯ ಬಗ್ಗೆಯೇ ಅನುಮಾನ ಬಂದಿರಬೇಕು. ಜೆಲ್ಲಿಯ ಮೇಲೆ ಅಚ್ಚು ಹಾಕಿ ಗೊತ್ತಿಲ್ಲದವರಿಗೆ ಕೊನೆಯ ಹಾಳೆ ಎಂದರೇನು ಎಂಬುದು ತಿಳಿಯುವುದು ಕಷ್ಟ.

ಜೆಲ್ಲಿಯ ಕಾಲ ಅದಕ್ಕೂ ಹಿಂದಿನದು, ತೊಂಬತ್ತರ ದಶಕದ ನಡುವಿನದು. ನಾನಾಗ ಲಕ್ಷ್ಮೀಪುರಂನ ಒಂದು ಅನುದಾನಿತ ಕನ್ನಡ ಶಾಲೆಯಲ್ಲಿ ಎರಡನೇ ಕ್ಲಾಸಿನ ಮಿಸ್ಸು. ಪಠ್ಯಪುಸ್ತಕ, ಕಪ್ಪು ಹಲಗೆ, ಸೀಮೆಸುಣ್ಣ, ಇಷ್ಟೇ ನಮ್ಮ ಆಸ್ತಿ. ಪ್ರತಿ ಮಗುವಿನ ಕೈಗೂ ಒಂದೊಂದು ಚಿತ್ರದ ಹಾಳೆ ಕೊಟ್ಟು ಬಣ್ಣ ತುಂಬಿಸುವುದು, ಗೆರೆ ಎಳೆದು ಜೋಡಿ ಮಾಡಿಸುವುದು, ಕತ್ತರಿಸಿ ಅಂಟಿಸುವುದು, ಇವೆಲ್ಲ ಇಂಗ್ಲಿಷ್ ಶಾಲೆಗಳ ವೈಭೋಗ. ನಮ್ಮಲ್ಲೂ ಒಂದು ಸೈಕ್ಲೋಸ್ಟೈಲ್ ಯಂತ್ರವಿತ್ತು. ಅದು ಹೈಸ್ಕೂಲಿನವರ ಪ್ರಶ್ನೆಪತ್ರಿಕೆಗೆ ಮೀಸಲು. ಗುಮಾಸ್ತರು ಅದಕ್ಕೆ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಒಮ್ಮೆ ಕೇಳಿದ್ದಕ್ಕೆ, "ಎರಡನೇ ಕ್ಲಾಸಿಗಾ?" ಎಂದು ನಕ್ಕರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇನ್ನೊಂದು ಸಲ ಕೇಳಿದರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ ಎಂದುಕೊಂಡು ಬಂದೆ.

ಆ ವರ್ಷದ ಬೇಸಿಗೆಯಲ್ಲಿ ನಡೆದ ಒಂದು ಶಿಕ್ಷಕರ ತರಬೇತಿಯಲ್ಲಿ ಜೆಲ್ಲಿ ಅಚ್ಚನ್ನು ತೋರಿಸಿಕೊಟ್ಟರು. ಅಷ್ಟೂ ದಿನದ ಭಾಷಣಗಳಲ್ಲಿ ನನಗೆ ನೆನಪಿರುವುದು ಅದೊಂದೇ. ಜೆಲಾಟಿನ್ ಪುಡಿಯನ್ನು ನೀರಲ್ಲಿ ನೆನೆಸಿ, ಗ್ಲಿಸರಿನ್ ಸೇರಿಸಿ, ಸಣ್ಣ ಉರಿಯಲ್ಲಿ ಕರಗಿಸಿ, ಅಗಲವಾದ ತಟ್ಟೆಗೆ ಹೊಯ್ದು ಆರಲು ಬಿಡಬೇಕು. ಕೊಬ್ಬರಿ ಮಿಠಾಯಿ ಹೊಯ್ದ ಹಾಗೆಯೇ, ಆದರೆ ಒಂದು ಗುಳ್ಳೆಯೂ ಏಳಬಾರದು. ನೇರಳೆ ಬಣ್ಣದ ಕಾಪಿ ಪೆನ್ಸಿಲಿನ ತುದಿಯನ್ನು ಒದ್ದೆ ಮಾಡಿಕೊಂಡು ಒಂದು ಹಾಳೆಯ ಮೇಲೆ ಚಿತ್ರ ಬರೆದು, ಅದನ್ನು ಗಟ್ಟಿಯಾದ ಜೆಲ್ಲಿಯ ಮೇಲೆ ಬೋರಲು ಹಾಕಿ ಒತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಬಣ್ಣವೆಲ್ಲ ಜೆಲ್ಲಿಗೆ ಇಳಿಯುತ್ತದೆ. ಆಮೇಲೆ ಆ ಹಾಳೆ ತೆಗೆದು, ಖಾಲಿ ಹಾಳೆಗಳನ್ನು ಒಂದಾದ ಮೇಲೊಂದು ಹಾಕಿ, ಅಂಗೈಯಿಂದ ಸವರಿ ಎತ್ತಬೇಕು. ಪ್ರತಿ ಹಾಳೆಯ ಮೇಲೂ ಚಿತ್ರ ಎದ್ದು ಬರುತ್ತದೆ. ಮೊದಲಿನ ಹಾಳೆಗಳು ಕಡು ನೇರಳೆ. ನಡುವಿನವು ಬದನೆ ಹೂವಿನ ಬಣ್ಣ. ಕೊನೆಕೊನೆಯವನ್ನು ಬೆಳಕಿಗೆ ಹಿಡಿದು ಹುಡುಕಬೇಕು.

ಇದನ್ನು ಮನೆಯಲ್ಲಿ ಮಾಡುವುದೇ ಒಂದು ದೊಡ್ಡ ರಾಮಾಯಣವಾಯಿತು. ನಮ್ಮದು ಲಿಂಗ ಕಟ್ಟಿಕೊಳ್ಳುವವರ ಮನೆ. ಅತ್ತೆಯವರಂತೂ ಪೂಜೆ ಮುಗಿಯದೆ ಕಾಫಿಯನ್ನೂ ಮುಟ್ಟದವರು. ಮೆಡಿಕಲ್ ಸ್ಟೋರಿನವರು ಪುಡಿ ಕಟ್ಟಿಕೊಡುತ್ತ, ಜೆಲಾಟಿನ್ ಮಾಡುವುದು ದನದ ಎಲುಬಿನಿಂದ ಎಂದು ತಮ್ಮ ಜ್ಞಾನವನ್ನೂ ಸೇರಿಸಿ ಕೊಟ್ಟರು. ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆದರೆ ಕರಗಿಸಲು ಪಾತ್ರೆ ಇಟ್ಟಾಗ ಅತ್ತೆಯವರು ಬಂದು ಇದೇನು ಎಂದು ಕೇಳಿದರು, ನಾನು ಹೇಳಿಬಿಟ್ಟೆ.

"ಎಲುಬಾ? ನನ್ ಒಲೆ ಮೇಲಾ?" ಎಂದರು. ಅಷ್ಟೇ. ಕೂಗಾಡಲಿಲ್ಲ. ಇಡೀ ಅಡುಗೆಮನೆಯನ್ನು ತೊಳೆದರು, ಒಲೆಗೆ ವಿಭೂತಿ ಹಚ್ಚಿದರು, ಪಾತ್ರೆಯನ್ನು ಕಡ್ಡಿಯಿಂದ ತಳ್ಳಿಕೊಂಡು ಹಿತ್ತಲಿಗೆ ಸಾಗಿಸಿದರು. ಅಂದಿನಿಂದ ನನ್ನ ಅಚ್ಚುಕೂಟ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ಹಳೆಯ ಸೀಮೆಎಣ್ಣೆ ಸ್ಟೌ ಮೇಲೆ. ಆದರೂ ಭಾನುವಾರ ಸಂಜೆ ನಾನು ಚಿತ್ರ ಬರೆಯುತ್ತ ಕೂತರೆ ಅತ್ತೆಯವರು ಹಿತ್ತಲ ಬಾಗಿಲ ಹೊಸ್ತಿಲು ದಾಟದೆ ನಿಂತು ನೋಡುತ್ತಿದ್ದರು. "ಸೊಂಡ್ಲು ಸಣ್ಣ ಆಯ್ತು ಕಣಮ್ಮ" ಎಂದು ಸಲಹೆಯನ್ನೂ ಕೊಡುತ್ತಿದ್ದರು. ಎಲುಬಿನ ಜೊತೆ ಅವರ ಜಗಳ ಅಷ್ಟಕ್ಕೆ ಮುಗಿದಿತ್ತು.

ತಟ್ಟೆಯನ್ನು ಬುಟ್ಟಿಯಲ್ಲಿಟ್ಟು, ಆಟೋ ಹತ್ತಿ, ತೊಡೆಯ ಮೇಲೆ ಮಗುವಿನ ಹಾಗೆ ಹಿಡಿದುಕೊಂಡು ಶಾಲೆಗೆ ಹೋಗುತ್ತಿದ್ದೆ. ಅಚ್ಚು ತೆಗೆಯುವುದನ್ನು ಮಕ್ಕಳ ಎದುರಿಗೇ ಮಾಡಬೇಕೆಂದು ಮೊದಲ ದಿನವೇ ತೀರ್ಮಾನಿಸಿದ್ದೆ. ನನಗೇ ಅದನ್ನು ಒಬ್ಬಳೇ ನೋಡಲು ಮನಸ್ಸಾಗಲಿಲ್ಲ. ಮೇಜಿನ ಸುತ್ತ ಮಕ್ಕಳು ಮುತ್ತಿಕೊಂಡರು. ಜೆಲ್ಲಿಯ ಮೇಲೆ ನೇರಳೆ ಹಕ್ಕಿಯೊಂದು ಎಡಕ್ಕೆ ಮುಖ ಮಾಡಿ ಕೂತಿತ್ತು. ಬಿಳಿ ಹಾಳೆ ಹಾಕಿದೆ, ಸವರಿದೆ, ಮೂಲೆ ಹಿಡಿದು ಮೆಲ್ಲಗೆ ಎತ್ತಿದೆ. ಹಾಳೆಯಲ್ಲಿ ಹಕ್ಕಿ ಬಲಕ್ಕೆ ತಿರುಗಿತ್ತು. ಜೆಲ್ಲಿಯಲ್ಲಿದ್ದ ಹಕ್ಕಿ ಮಾತ್ರ ಎಲ್ಲೂ ಹೋಗಿರಲಿಲ್ಲ. ದಿನವಿಡೀ ಸಂತೆಯಂತಿರುವ ಆ ಕ್ಲಾಸು ಇಡೀ ತಟ್ಟೆಯ ಮೇಲೆ ಬಗ್ಗಿತು. ನನ್ನ ಕಣ್ಣಲ್ಲಿ ನೀರು ತುಂಬಿತು. ಮೂವತ್ತು ದಾಟಿದ ಹೆಂಗಸು, ಒಂದು ತಟ್ಟೆ ಜೆಲ್ಲಿಗೆ ಅಳುವುದೇ ಎಂದು ನನಗೇ ನಾಚಿಕೆಯಾಗಿ ಮೂಗು ಸೀಟಿಕೊಂಡೆ.

ಹಾಳೆಗಳು ಮುಂದಿನ ಬೆಂಚಿನಿಂದ ಹಿಂದಕ್ಕೆ ಹೋಗುತ್ತಿದ್ದವು. ನಮ್ಮಲ್ಲಿ ಎತ್ತರದ ಪ್ರಕಾರ ಕೂರಿಸುವ ಪದ್ಧತಿ. ಕುಳ್ಳರಿಗೆ ಕಡು ನೇರಳೆ, ಉದ್ದದವರಿಗೆ ಮಸುಕು. ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ ಕೂರುತ್ತಿದ್ದವಳು ಒಬ್ಬ ಹುಡುಗಿ. ಇಲವಾಲದ ಕಡೆಯವಳು. ಅಪ್ಪ ಇರಲಿಲ್ಲ. ಅಮ್ಮ ಲಕ್ಷ್ಮೀಪುರಂನಲ್ಲೇ ಏಳೆಂಟು ಮನೆಗಳಲ್ಲಿ ಬಾಗಿಲು ಸಾರಿಸಿ, ರಂಗೋಲಿ ಹಾಕಿ, ಪಾತ್ರೆ ತೊಳೆದು ಬದುಕುತ್ತಿದ್ದಳು. ಒಂದನೇ ಕ್ಲಾಸಿನಲ್ಲಿ ಎರಡು ವರ್ಷ ಕೂತು ಬಂದವಳಾದ್ದರಿಂದ ಈ ಹುಡುಗಿ ಎಲ್ಲರಿಗಿಂತ ಉದ್ದ, ಹಾಗಾಗಿ ಕೊನೆಯ ಬೆಂಚು, ಹಾಗಾಗಿ ಕೊನೆಯ ಹಾಳೆ.

ಅವಳು ಮಾತಾಡುತ್ತಿರಲಿಲ್ಲ. ಹಾಜರಿಗೆ ಕೈ ಎತ್ತುತ್ತಿದ್ದಳು, ಅಷ್ಟೇ. ಕಿವಿ ಚೆನ್ನಾಗಿ ಕೇಳುತ್ತಿತ್ತು, ಬುದ್ಧಿ ಇದೆ ಎಂದು ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಎರಡೂ ಮೂರೂ ಸೇರಿದರೆ ಎಷ್ಟು ಎಂದು ಕೇಳಿದರೆ ಸುಮ್ಮನೆ ನಮ್ಮ ಮುಖ ನೋಡುವಳು. ಸ್ಲೇಟು ಕೊಟ್ಟರೆ ಸ್ಲೇಟು ನೋಡುವಳು. ಹೆಡ್‌ಮಿಸ್ಸಿಗೆ ಇದು ಸಾಕಾಗಿ ಹೋಗಿತ್ತು. ಅವರು ಕೆಟ್ಟವರಲ್ಲ, ಬಿಳಿ ಸೀರೆಗೆ ಗಂಜಿ ಹಾಕಿದ ಹಾಗೆ ಒಂದಿಷ್ಟು ಸೆಟೆದುಕೊಂಡವರು. "ಅರ್ಧವಾರ್ಷಿಕ ಪರೀಕ್ಷೆವರೆಗೂ ನೋಡೋಣ ಕಣ್ರೀ. ಆಗಲೂ ಬಾಯಿ ಬಿಡ್ಲಿಲ್ಲ ಅಂದ್ರೆ ಒಂದನೇ ಕ್ಲಾಸಿಗೆ ವಾಪಸ್ ಕೂರ್ಸಿ" ಎಂದರು. ಅವಳ ಅಮ್ಮನಿಗೂ ಹೇಳಿ ಕಳಿಸಿದರು. ಅಮ್ಮ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಇನ್ನೊಂದ್ಸಲ ಒಂದ್ನೇ ಕ್ಲಾಸು ಅಂದ್ರೆ ನಾ ಬುಡುಸ್ಬುಡ್ತೀನಿ ಮಿಸ್ಸೇ. ಊರಲ್ಲಿ ನಮ್ಮವ್ವ ಒಬ್ಳೇ ಅವ್ಳೆ. ಅಲ್ಲೋಗಿ ಆಡು ಮೇಯುಸ್ಕೊಂಡಿರ್ಲಿ" ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. ಎಂಟು ವರ್ಷದ ಆ ಹುಡುಗಿಗೆ ಶಾಲೆ ಇರುವುದೋ ತಪ್ಪುವುದೋ ಎಂಬುದು ದಸರಾ ರಜೆಯೊಳಗೆ ತೀರ್ಮಾನವಾಗಬೇಕಿತ್ತು.

ಆ ದಿನಗಳಲ್ಲೇ ದಸರಾ ಆನೆಗಳು ಊರಿಗೆ ಬಂದಿದ್ದವು. ಮಕ್ಕಳ ಬಾಯಲ್ಲಿ ಬೇರೆ ಮಾತಿರಲಿಲ್ಲ. ಸರಿ, ನಾನೂ ಆನೆಯ ಹಾಳೆಯನ್ನೇ ಮಾಡಿದೆ. ಚುಕ್ಕಿಗಳನ್ನಿಟ್ಟು ಪಕ್ಕದಲ್ಲಿ ಅಂಕಿ ಬರೆದಿದ್ದೆ, ಒಂದರಿಂದ ಶುರು ಮಾಡಿ ಅಂಕಿಗಳ ಪ್ರಕಾರ ಚುಕ್ಕಿ ಸೇರಿಸುತ್ತ ಹೋದರೆ ಕೊನೆಗೆ ಆನೆ ಬರುತ್ತದೆ. ಚುಕ್ಕಿಗಳನ್ನು ಪೆನ್ಸಿಲ್ ಒತ್ತಿ ದಪ್ಪಗೆ ಇಟ್ಟಿದ್ದೆ. ಅಂಕಿಗಳನ್ನು ಮಾತ್ರ ಜಾಗ ಸಾಲದೆ ಸಣ್ಣಗೆ, ತೆಳ್ಳಗೆ ಬರೆದಿದ್ದೆ.

ಮಕ್ಕಳು ಗೆರೆ ಎಳೆಯತೊಡಗಿದರು. ಸ್ವಲ್ಪ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಆನೆ ಎದ್ದಿತು. ಹನ್ನೆರಡಾದ ಮೇಲೆ ಇಪ್ಪತ್ತೊಂದಕ್ಕೆ ಹಾರಿದವನ ಆನೆಗೆ ಹೊಟ್ಟೆಯೇ ಇರಲಿಲ್ಲ, ಅವನಿಗೆ ಅದೇ ಹೆಮ್ಮೆ. ನಾನು ನೋಡುತ್ತ ನಗುತ್ತ ಕೊನೆಯ ಬೆಂಚಿಗೆ ಬಂದೆ.

ಆ ಹುಡುಗಿಯ ಹಾಳೆಯಲ್ಲಿ ಆನೆ ಇರಲಿಲ್ಲ. ಹಾಳೆಯ ತುಂಬ ಒಂದು ಗೆರೆ ಬಳುಕಿಕೊಂಡು ಓಡಾಡಿತ್ತು. ಗೀಚಿ ಹಾಕಿದ್ದಾಳೆ ಎಂದುಕೊಂಡೆ. ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದಾಗ ಮೊದಲು ತಿಳಿದದ್ದು, ಅವಳ ಪಾಲಿಗೆ ಬಂದ ಮಸುಕು ಪ್ರತಿಯಲ್ಲಿ ಅಂಕಿಗಳೇ ಮೂಡಿರಲಿಲ್ಲ ಎಂಬುದು. ದಪ್ಪ ಚುಕ್ಕಿಗಳಷ್ಟೇ ಉಳಿದಿದ್ದವು. ಬರೀ ಚುಕ್ಕಿ ಇಟ್ಟ ಜಾಗವನ್ನು ನಮ್ಮ ಊರಿನ ಹೆಣ್ಣುಮಗು ಏನೆಂದುಕೊಳ್ಳುತ್ತದೆ? ಮಿಸ್ಸು ರಂಗೋಲಿಗೆ ಚುಕ್ಕಿ ಇಟ್ಟುಕೊಟ್ಟಿದ್ದಾರೆ ಎಂದುಕೊಂಡು ಅವಳು ಎಳೆ ಸುತ್ತಿದ್ದಳು.

ಗೆರೆಯ ಮೇಲೆ ಬೆರಳಿಟ್ಟು ಹೊರಟೆ. ಅದು ಒಂದು ಚುಕ್ಕಿಯನ್ನೂ ಮುಟ್ಟುತ್ತಿರಲಿಲ್ಲ. ಪ್ರತಿ ಚುಕ್ಕಿಯನ್ನೂ ಬಳಸಿಕೊಂಡು, ಇನ್ನೊಂದನ್ನು ಹಾದು, ತನ್ನನ್ನೇ ದಾಟಿ, ಮತ್ತೆ ತಿರುಗಿ ಹೋಗುತ್ತಿತ್ತು. ಎಲ್ಲೂ ಕೈ ಎತ್ತಿದ ಗುರುತಿಲ್ಲ. ಹೋದ ದಾರಿಯಲ್ಲೇ ಎರಡನೇ ಸಲ ಹೋಗಿದ್ದಿಲ್ಲ. ಹಾಗೇ ಸುತ್ತುತ್ತ ಸುತ್ತುತ್ತ ನನ್ನ ಬೆರಳು ಹೊರಟ ಜಾಗಕ್ಕೇ ಬಂದು ನಿಂತಿತು. ನಾನೂ ರಂಗೋಲಿ ಹಾಕುವವಳೇ. ಸಾಲಾಗಿ, ಅಳತೆಯಾಗಿ ಇಟ್ಟ ಚುಕ್ಕಿಗೆ ಎಳೆ ಸುತ್ತುವುದು ಅಭ್ಯಾಸದ ಮಾತು. ಇವು ಸಾಲಾಗಿಲ್ಲ, ಅಳತೆಯಿಲ್ಲ, ಆನೆಯ ಬೆನ್ನು ಸೊಂಡಿಲು ಬಾಲ ಎಂದು ಎಲ್ಲೆಲ್ಲೋ ಚೆಲ್ಲಿದ ಚುಕ್ಕಿಗಳು. ಇವುಗಳ ನಡುವೆ ಕಡಿಯದ ಒಂದು ಎಳೆ ಹೇಗೆ ಹಾಯಿಸಿದಳು? ಮೈ ಜುಮ್ಮೆಂದಿತು. ದೇವರ ಮನೆಯಲ್ಲಿ ಒಮ್ಮೊಮ್ಮೆ ಆಗುತ್ತದಲ್ಲ, ಹಾಗೆ.

ಬೆರಳಾಡಿಸುತ್ತಿದ್ದಂತೆ ಇನ್ನೊಂದು ಕಂಡಿತು. ಆನೆಯ ಹೊಟ್ಟೆಯ ಹತ್ತಿರ ಒಂದು ಚುಕ್ಕಿ ನೇರಳೆಯಾಗಿರಲಿಲ್ಲ, ಸೀಸದ ಕಡ್ಡಿಯ ಕಪ್ಪಾಗಿತ್ತು. ಅದನ್ನು ನಾನು ಇಟ್ಟಿರಲಿಲ್ಲ. ಬಗ್ಗಿ, "ಇದು ಯಾರು ಇಟ್ಟಿದ್ದು?" ಎಂದೆ.

ಹುಡುಗಿ ನನ್ನ ಮುಖ ನೋಡಿದಳು. ಎಂದಿನ ಹಾಗೆ ಸುಮ್ಮನಿರುತ್ತಾಳೆ ಎಂದುಕೊಂಡು ನಾನು ನೆಟ್ಟಗಾಗುವಷ್ಟರಲ್ಲಿ ಅವಳು, "ನೀವು ಮರ್ತ್ಬುಟ್ಟಿದ್ರಿ ಮಿಸ್. ಅದಿಲ್ದಿದ್ರೆ ಎಳೆ ಕೂಡಲ್ಲ" ಎಂದಳು.

ಮುಂದಿನ ಬೆಂಚಿನಿಂದ ಯಾರೋ, "ಮಿಸ್, ಅವ್ಳು ಮಾತಾಡಿದ್ಲು" ಎಂದು ಪಿಸುಗುಟ್ಟಿದರು. ಇಡೀ ಕ್ಲಾಸು ತಿರುಗಿ ನೋಡಿತು. ಆ ಧ್ವನಿ ಹೇಗಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೆ. ತೆಳ್ಳಗೆ, ಹೆದರಿಕೊಂಡು ಇರುತ್ತದೆ ಎಂದುಕೊಂಡಿದ್ದೆ. ಅದು ತರಕಾರಿ ಚೌಕಾಸಿ ಮಾಡುವ ಹೆಂಗಸಿನ ಧ್ವನಿಯ ಹಾಗೆ ದಪ್ಪಗೆ, ನಿಶ್ಚಿಂತೆಯಾಗಿತ್ತು.

ಮಾರನೇ ದಿನದಿಂದ ಅವಳು ಪಟಪಟ ಮಾತಾಡಿದಳು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಪ್ರಶ್ನೆ ಕೇಳಿದರೆ ಮತ್ತೆ ಅದೇ ಮೌನ. ಆದರೆ ಒಂದು ದಿನ ಹಲಗೆಯ ಮೇಲೆ ಸೋಮವಾರ ಎಂದು ಬರೆದಾಗ ಹಿಂದಿನಿಂದ, "ಇವತ್ತು ಮಂಗ್ಳಾರ" ಎಂದು ಕೇಳಿತು. ಇನ್ನೊಂದು ದಿನ, ಸೀಮೆಸುಣ್ಣ ಹುಡುಕುತ್ತಿದ್ದರೆ, "ಕಿವಿ ಮೇಲದೆ" ಎಂದಿತು. ನಾನು ಹಿತ್ತಲಲ್ಲಿ ಕೂತು ಅವಳಿಗೆಂದೇ ಚುಕ್ಕಿಯ ಹಾಳೆಗಳನ್ನು ಮಾಡತೊಡಗಿದೆ. ಸಾಲಿಗೆ ಇಷ್ಟು ಚುಕ್ಕಿ, ಇಷ್ಟು ಸಾಲು ಎಂದು ಬರೆದು, ಒಟ್ಟು ಎಷ್ಟು ಎಂಬ ಜಾಗವನ್ನು ಖಾಲಿ ಬಿಡುತ್ತಿದ್ದೆ. ಬರೆದಳು. ತಪ್ಪೇ ಇರಲಿಲ್ಲ. ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇರುತ್ತಿದ್ದವು, ಆದರೆ ಲೆಕ್ಕ ತಪ್ಪುತ್ತಿರಲಿಲ್ಲ. ಬರೆದಾದ ಮೇಲೆ ಚುಕ್ಕಿಗಳಿಗೆ ಎಳೆಯನ್ನೂ ಸುತ್ತುತ್ತಿದ್ದಳು. ಪ್ರತಿ ಹಾಳೆಯನ್ನೂ ನಾನು ಮನೆಗೆ ತಂದು ಅತ್ತೆಯವರಿಗೆ ತೋರಿಸುತ್ತಿದ್ದೆ. ಅವರು ಜೆಲಾಟಿನ್ ನೆನಪಾಗಿ ಹಾಳೆ ಮುಟ್ಟುತ್ತಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ದೂರದಿಂದಲೇ ಎಳೆಯ ಜಾಡು ಹಿಡಿದು, "ಯಾರ್ ಮಗೂನೋ, ಕೈ ನೋಡು" ಎನ್ನುತ್ತಿದ್ದರು.

ಹೆಡ್‌ಮಿಸ್ಸಿಗೂ ತೋರಿಸಿದೆ. ಅವರು ಆನೆಯ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಚೆನ್ನಾಗಿದೆ ಕಣ್ರೀ. ಆದ್ರೆ ರಂಗೋಲಿ ನೋಡಿ ಪಾಸ್ ಮಾಡೋಕಾಗುತ್ತಾ? ಕೇಳಿದ್ದಕ್ಕೆ ಬಾಯಲ್ಲಿ ಉತ್ತರ ಹೇಳ್ಬೇಕು" ಎಂದರು. ನನಗೆ ರೇಗಿತು. ಒಂದೆರಡು ಮಾತು ಜೋರಾಗಿಯೇ ಆಡಿದೆ. ಅವರು ಶಾಂತವಾಗಿ, ಪರೀಕ್ಷೆ ಮುಗಿದ ಮೇಲೆ ಅವಳ ಅಮ್ಮನನ್ನು ಬರಹೇಳಿ, ಅಮ್ಮನ ಎದುರಿಗೇ ತಾವೇ ಕೇಳುವುದಾಗಿ ಹೇಳಿದರು. ಬರವಣಿಗೆಯಲ್ಲಿ ಹುಡುಗಿಗೆ ಅಷ್ಟೋ ಇಷ್ಟೋ ಅಂಕ ಬಂತು. ಬಾಯಿ ಲೆಕ್ಕದಲ್ಲಿ ಸೊನ್ನೆ.

ರಜೆಗೆ ಮುಂಚಿನ ಕೊನೆಯ ದಿನ. ಹೆಡ್‌ಮಿಸ್ಸಿನ ಕೋಣೆಯಲ್ಲಿ ನಾವು ನಾಲ್ವರು. ಅಮ್ಮ ಕೆಲಸದ ಮನೆಯಿಂದ ನೇರವಾಗಿ ಬಂದಿದ್ದಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದಳು. ನಾನು ಎದೆಗೆ ಅವಚಿಕೊಂಡು ಹೋಗಿದ್ದ ಹಾಳೆಗಳ ಕಟ್ಟನ್ನು ಹೆಡ್‌ಮಿಸ್ಸು ಪಕ್ಕಕ್ಕಿಟ್ಟರು. ಹುಡುಗಿಯನ್ನು ಹತ್ತಿರ ಕರೆದು, "ಎಂಟಕ್ಕೆ ಐದು ಕೂಡಿದ್ರೆ ಎಷ್ಟಮ್ಮ?" ಎಂದರು.

ಹುಡುಗಿ ಅವರ ಮುಖ ನೋಡಿದಳು.

"ಹೋಗ್ಲಿ, ಆರಕ್ಕೆ ನಾಲ್ಕು?"

ಇದರ ಎರಡರಷ್ಟು ಕಷ್ಟದ್ದನ್ನು ಅವಳು ಹಿಂದಿನ ದಿನವಷ್ಟೇ ಮಾಡಿದ್ದಳು. ಹೇಳೇ, ಒಂದೇ ಒಂದು ಸಲ ಹೇಳೇ ಎಂದು ಮನಸ್ಸಿನಲ್ಲೇ ಗೋಗರೆದೆ. ಹೆಡ್‌ಮಿಸ್ಸು ಇನ್ನೊಂದು ಕೇಳಿದರು. ಅದಕ್ಕೂ ಇಲ್ಲ. ಅವರು ನಿಟ್ಟುಸಿರುಬಿಟ್ಟು ಅಮ್ಮನ ಕಡೆ ತಿರುಗಿದರು. ಅಮ್ಮ ಎರಡೂ ಕೈ ಜೋಡಿಸಿದಳು.

"ಓಗ್ಲಿ ಬುಡಿ ಮೇಡಮ್ಮೋರೆ. ಅವ್ಳಿಗೆ ಇಸ್ಕೂಲು ಇಷ್ಟ ಇಲ್ಲ. ಸಾಯಂಕಾಲದ ಬಸ್ಸಿಗೆ ಊರ್ಗೆ ಕಳುಸ್ಬುಡ್ತೀನಿ" ಎಂದಳು.

"ಇಷ್ಟ ಅದೆ" ಎಂದಳು ಹುಡುಗಿ.

ಜೋರಾಗಿ ಹೇಳಲಿಲ್ಲ. ಅಮ್ಮನ ಮಾತಲ್ಲಿ ಒಂದು ತಪ್ಪಿತ್ತು, ಅದನ್ನು ಸರಿಮಾಡಿದಳು, ಅಷ್ಟೇ. ಅಮ್ಮ ಜೋಡಿಸಿದ ಕೈಯನ್ನು ಬಿಡುವುದನ್ನೂ ಮರೆತು ಮಗಳನ್ನು ನೋಡಿದಳು. ಹೆಡ್‌ಮಿಸ್ಸು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಇಷ್ಟ ಇದ್ರೆ ಮತ್ಯಾಕೆ ಕೇಳಿದ್ದಕ್ಕೆ ಹೇಳಲ್ಲ ನೀನು?"

"ನಿಮಗ್ ಗೊತ್ತಲ್ಲ ಮಿಸ್" ಎಂದಳು.

ಗೊತ್ತಿದ್ದವರಿಗೆ ಯಾಕೆ ಹೇಳಬೇಕು? ಅವಳ ಲೆಕ್ಕದಲ್ಲಿ ಮಾತು ಇರುವುದು ಗೊತ್ತಿಲ್ಲದವರಿಗೆ, ಮರೆತವರಿಗೆ, ತಪ್ಪಿದವರಿಗೆ. ಇಷ್ಟು ವರ್ಷ ನಾವೆಲ್ಲ ಉತ್ತರವನ್ನು ಕೈಯಲ್ಲಿಟ್ಟುಕೊಂಡೇ ಅವಳನ್ನು ಕೇಳುತ್ತಿದ್ದೆವು. ಅವಳು ನಮ್ಮ ಮುಖ ನೋಡಿ ನೋಡಿ, ಇವರು ಯಾಕೆ ಹೀಗೆ ಮಾಡುತ್ತಾರೆ ಎಂದು ತಿಳಿಯದೆ ಸುಮ್ಮನಿದ್ದಳು. ಇಷ್ಟು ಸರಳವಾದ, ಇಷ್ಟು ದೊಡ್ಡ ಮಾತನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಹೆಡ್‌ಮಿಸ್ಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅದುವರೆಗೆ ನಾನು ಅವರ ಬಾಯಲ್ಲಿ ಕೇಳದಿದ್ದ ಒಂದು ದನಿಯಲ್ಲಿ, "ಬೆಳಿಗ್ಗೆ ಅಮ್ಮನ ಜೊತೆ ರಂಗೋಲಿ ಹಾಕೋಕೆ ಹೋಗ್ತೀಯಾ?" ಎಂದು ಕೇಳಿದರು.

"ಊಂ."

"ಇವತ್ತು ಎಷ್ಟು ಮನೆಗೆ ಹಾಕಿದ್ರಿ? ನಂಗೆ ಗೊತ್ತಿಲ್ಲ."

"ಆರು. ಇನ್ನೆರಡು ಮನೇವ್ರು ಊರಲ್ಲಿಲ್ಲ. ಅವ್ರೂ ಇದ್ದಿದ್ರೆ ಎಂಟು" ಎಂದಳು ಹುಡುಗಿ. ಆಮೇಲೆ ತಾನೇ ಮುಂದುವರಿಸಿ, ಆ ಆರರಲ್ಲಿ ಯಾವ ಮನೆಯ ಮುಂದೆ ಎಷ್ಟು ಚುಕ್ಕಿ, ಯಾರ ಮನೆಯ ಕಲ್ಲು ಒಡೆದಿದೆ, ಯಾವ ಅಜ್ಜಿ ಎಳೆ ಸಣ್ಣಗಾಯಿತು ಎಂದು ಬೈಯುತ್ತಾರೆ, ಎಲ್ಲವನ್ನೂ ಹೇಳಿದಳು. ಹೆಡ್‌ಮಿಸ್ಸು ಗಲ್ಲಕ್ಕೆ ಕೈ ಕೊಟ್ಟುಕೊಂಡು ಕೇಳಿದರು. ನಡುವೆ ಬೇಕೆಂದೇ ಏನನ್ನೂ ಕೇಳಲಿಲ್ಲ.

ಅವಳು ಮುಗಿಸಿದ ಮೇಲೆ, "ಸರಿ, ಎರಡನೇ ಕ್ಲಾಸಿಗೆ ಹೋಗಿ ಕೂತ್ಕೋ" ಎಂದರು. ಹುಡುಗಿ ನಮ್ಮ ಮೂವರಲ್ಲಿ ಯಾರನ್ನೂ ನೋಡದೆ ಹೊರಟುಹೋದಳು.

ಅಮ್ಮನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. "ಅಂಗಾರೆ ಊರ್ಗೆ ಕಳುಸ್ಬ್ಯಾಡ್ವಾ?" ಎಂದಳು.

"ಬೇಡ ಕಣಮ್ಮ. ರಜಾ ಮುಗಿದ ದಿನವೇ ಕಳ್ಸಿ, ತಡ ಮಾಡ್ಬೇಡಿ" ಎಂದರು ಹೆಡ್‌ಮಿಸ್ಸು. ಅಮ್ಮ ಅಲ್ಲೇ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಳು. ಸೆರಗಿನಿಂದ ಮುಖ ಮುಚ್ಚಿಕೊಂಡು, "ಇಷ್ಟ ಅದೆ ಅಂತವ್ಳೆ" ಎಂದು ತನಗೆ ತಾನೇ ಹೇಳಿಕೊಂಡಳು.